ರಾಸ್ಪ್‌ಬೆರಿ ಪೈ ಪಿಕೊ: ಯುಎಸ್‌ಬಿ ಪವರ್ ವಿಷಯದಲ್ಲಿ ಈ ಬೋರ್ಡ್ ಹೇಗಿದೆ?

ಹೊಸದಾಗಿ ಕಲಿಯುವವರಿಗೆ ಯಾವ ಬೋರ್ಡ್ ಕೊಡಿಸಲಿ ಅಂತ ಯಾರು ಕೇಳಿದರೂ ನಾನು ಪಿಕೊ ಅಂತಲೇ ಹೇಳುತ್ತೇನೆ. ಪ್ರೋಗ್ರಾಂ ಹಾಕಿ ಎಲ್‌ಇಡಿ, ಸೆನ್ಸರ್‌ಗಳನ್ನು ನಡೆಸುವ ಪುಟ್ಟ ಬೋರ್ಡ್ ಇದು. ರಜಾದಿನಗಳಲ್ಲಿ ಹೈಸ್ಕೂಲ್ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುವ ನನಗೆ, ಬೋರ್ಡ್ ಎಷ್ಟು ವೇಗ ಅನ್ನುವುದಕ್ಕಿಂತ ಅದಕ್ಕೆ ಪವರ್ ಕೊಡುವುದು ಎಷ್ಟು ಸುರಕ್ಷಿತ ಅನ್ನುವುದೇ ಮುಖ್ಯ. ನಾನು ಬಳಸುತ್ತಿರುವುದು 2021ರಲ್ಲಿ ಬಂದ ಮೊದಲ ಪಿಕೊ. 2024ರ ಪಿಕೊ 2ರಲ್ಲೂ ಪವರ್ ಪಿನ್‌ಗಳು ಅದೇ ಜಾಗದಲ್ಲಿವೆ, ಹಾಗಾಗಿ ಈ ಮಾತು ಅದಕ್ಕೂ ಸಲ್ಲುತ್ತದೆ.

ನೋಡಬೇಕಾದ್ದು 40 ಮತ್ತು 39ನೇ ಪಿನ್. ಯುಎಸ್‌ಬಿ ಸಾಕೆಟ್ ಪಕ್ಕದ 40ನೇ ಪಿನ್ ವಿಬಸ್ (VBUS). ಕೇಬಲ್‌ನಲ್ಲಿ ಬರುವ 5 ವೋಲ್ಟ್ ನೇರವಾಗಿ ಅಲ್ಲಿಗೇ ಬರುತ್ತದೆ. ಅದರ ಮಗ್ಗುಲಿನ 39 ವಿಸಿಸ್ (VSYS), ಅಂದರೆ ಬೋರ್ಡ್ ನಿಜವಾಗಿ ಪವರ್ ತೆಗೆದುಕೊಳ್ಳುವ ಜಾಗ. ಇವೆರಡರ ನಡುವೆ ಒಂದು ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇದೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದರೆ ಅದು ಕಣ್ಣಿಗೇ ಕಾಣುತ್ತದೆ: 40ರಲ್ಲಿ 5.1 ವೋಲ್ಟ್ ಇದ್ದರೆ 39ರಲ್ಲಿ 4.8ರ ಆಸುಪಾಸು. ಆ ಸಣ್ಣ ವ್ಯತ್ಯಾಸ ಡಯೋಡ್‌ನದು.

ಇದರಿಂದ ಏನು ಲಾಭ? ಕರೆಂಟ್ 40ರಿಂದ 39ಕ್ಕೆ ಹರಿಯುತ್ತದೆ, ವಾಪಸ್ ಬರುವುದಿಲ್ಲ. ನೀವು 39ಕ್ಕೆ ಬೇರೆ ಕಡೆಯಿಂದ 5 ವೋಲ್ಟ್ ಕೊಟ್ಟು, ಜೊತೆಗೆ ಪ್ರೋಗ್ರಾಂ ಹಾಕಲು ಲ್ಯಾಪ್‌ಟಾಪ್‌ಗೂ ಜೋಡಿಸಿದಿರಿ ಅಂದುಕೊಳ್ಳಿ. ಹೊರಗಿನ ಕರೆಂಟ್ ಲ್ಯಾಪ್‌ಟಾಪ್ ಪೋರ್ಟ್‌ಗೆ ನುಗ್ಗುವುದಿಲ್ಲ. ಅದೇ 5 ವೋಲ್ಟನ್ನು 40ಕ್ಕೆ ಕೊಟ್ಟರೆ ನಡುವೆ ತಡೆಯುವವರು ಯಾರೂ ಇಲ್ಲ, ಎರಡು ಸಪ್ಲೈಗಳು ನೇರವಾಗಿ ತಾಗುತ್ತವೆ. "ಎರಡೂ 5 ವೋಲ್ಟೇ ಅಲ್ವಾ, ಎಲ್ಲಿ ಕೊಟ್ಟರೇನು?" ಅಂತ ಮಕ್ಕಳು ಕೇಳುವುದು ಸಹಜ. ಅದಕ್ಕೇ ಮೀಟರ್ ಹಿಡಿದು ತೋರಿಸುತ್ತೇನೆ.

ಆದರೆ ಈ ಡಯೋಡ್ ಕಾಯುವುದು ಲ್ಯಾಪ್‌ಟಾಪನ್ನು ಮಾತ್ರ, ನಿಮ್ಮ ಬ್ಯಾಟರಿಯನ್ನಲ್ಲ. ಲಿಥಿಯಂ ಸೆಲ್ ಒಂದನ್ನು ನೇರವಾಗಿ 39ಕ್ಕೆ ಜೋಡಿಸಿ ಯುಎಸ್‌ಬಿಯನ್ನೂ ಚುಚ್ಚಿದರೆ, ಆ 4.8 ವೋಲ್ಟ್ ಸೀದಾ ಸೆಲ್ ಒಳಗೆ ಹೋಗುತ್ತದೆ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ 4.2 ದಾಟಬಾರದು. ದಾಟಿದರೆ ಊದಿಕೊಳ್ಳಬಹುದು, ಬೆಂಕಿಯೂ ಹತ್ತಬಹುದು. ಹಾಗಾಗಿ ಬ್ಯಾಟರಿ ಮತ್ತು 39ರ ನಡುವೆ ಇನ್ನೊಂದು ಶಾಟ್ಕಿ ಡಯೋಡ್ ಬೇಕೇ ಬೇಕು. 1ಎನ್5817 ಸಾಕು, ಗೆರೆ ಇರುವ ತುದಿ 39ರ ಕಡೆಗೆ. ಆಗ ಯಾವ ಸಪ್ಲೈನಲ್ಲಿ ವೋಲ್ಟೇಜ್ ಜಾಸ್ತಿಯೋ ಅದರಿಂದ ಬೋರ್ಡ್ ನಡೆಯುತ್ತದೆ. ಕಂಪನಿಯ ಡೇಟಾಶೀಟ್‌ನಲ್ಲೇ (ಬೋರ್ಡ್‌ನ ತಾಂತ್ರಿಕ ವಿವರಗಳ ಕೈಪಿಡಿ) ಈ ಸರ್ಕ್ಯೂಟ್ ಇದೆ, ದಯವಿಟ್ಟು ಆ ಪುಟ ಓದಿ.

ವಿಸಿಸ್‌ಗೆ 1.8ರಿಂದ 5.5 ವೋಲ್ಟ್‌ವರೆಗೆ ಏನು ಕೊಟ್ಟರೂ ಒಳಗಿನ ರೆಗ್ಯುಲೇಟರ್ 3.3 ಮಾಡಿಕೊಡುತ್ತದೆ. ಇನ್‌ಪುಟ್ 3.3ಕ್ಕಿಂತ ಕಡಿಮೆಯಾದರೆ ತಾನೇ ಏರಿಸಿಕೊಳ್ಳುತ್ತದೆ. ಇಷ್ಟು ಚಿಕ್ಕ ಬೋರ್ಡ್‌ನಲ್ಲಿ ಇದು ನನಗೆ ತುಂಬಾ ಮೆಚ್ಚುಗೆಯಾದ ಸಂಗತಿ.

ಇನ್ನು ಚಾರ್ಜರ್. "2 ಆಂಪ್‌ದು ಹಾಕಿದರೆ ಸುಟ್ಟು ಹೋಗಲ್ವಾ?" ಅನ್ನುವ ಪ್ರಶ್ನೆ ಪ್ರತಿ ಬ್ಯಾಚ್‌ನಲ್ಲೂ ಬರುತ್ತದೆ. ಇಲ್ಲ. ವೋಲ್ಟೇಜ್ 5 ಇದ್ದರೆ ಬೋರ್ಡ್ ತನಗೆ ಬೇಕಾದಷ್ಟೇ ಕರೆಂಟ್ ಎಳೆದುಕೊಳ್ಳುತ್ತದೆ. ಸರಿಯಾಗಿ ಮಾಡಿದ ಫಾಸ್ಟ್ ಚಾರ್ಜರ್ ಕೂಡ ಎದುರಿನ ಸಾಧನ ಕೇಳುವವರೆಗೆ 5 ವೋಲ್ಟೇ ಕೊಡುತ್ತದೆ, ಪಿಕೊ ಜಾಸ್ತಿ ಕೇಳುವುದೇ ಇಲ್ಲ. ಅಪಾಯ ಇರುವುದು ಶಾರ್ಟ್ ಆದಾಗ. ಬೆಸುಗೆ ಇಲ್ಲದೆ ವೈರ್ ಚುಚ್ಚುವ ಬ್ರೆಡ್‌ಬೋರ್ಡ್‌ನಲ್ಲಿ ಒಂದು ವೈರ್ ತಪ್ಪಿದರೆ ಆ 2 ಆಂಪ್ ಪೂರ್ತಿ ಅಲ್ಲಿಗೇ ಹರಿಯುತ್ತದೆ. ಇಲ್ಲಿ ನನ್ನ ದೊಡ್ಡ ತಕರಾರು: ಪಿಕೊದಲ್ಲಿ ಫ್ಯೂಸ್ ಇಲ್ಲ. ಇಂಥದ್ದೇ ಇನ್ನೊಂದು ಬೋರ್ಡ್ ಆದ ಆರ್ಡುಯಿನೊ ಊನೊ ಆರ್3ರಲ್ಲಿ ಯುಎಸ್‌ಬಿ ದಾರಿಯಲ್ಲೇ 500 ಮಿಲಿಆಂಪ್‌ನ, ತಾನೇ ಸರಿಹೋಗುವ ಫ್ಯೂಸ್ ಇದೆ. ಮಕ್ಕಳ ಟೇಬಲ್‌ನ ಕೇಬಲ್‌ಗಳಿಗೆ ನಾನೇ ಅಂಥ ಪಾಲಿಫ್ಯೂಸ್ ಬೆಸುಗೆ ಹಾಕಿಟ್ಟಿದ್ದೇನೆ. ಪವರ್ ಕೊಡುವ ಮೊದಲು 40ನೇ ಪಿನ್ ಮತ್ತು ಗ್ರೌಂಡ್ (ಮೈನಸ್ ಕಡೆ) ನಡುವೆ ಮೀಟರ್ ಬೀಪ್ ಆಗುತ್ತದಾ ಅಂತಲೂ ನೋಡಿಸುತ್ತೇನೆ, ಬೀಪ್ ಆದರೆ ಶಾರ್ಟ್ ಇದೆ ಅಂತ ಅರ್ಥ.

ಹೆಸರಿಲ್ಲದ ಅಗ್ಗದ ಚಾರ್ಜರ್‌ಗಳನ್ನು ಮಾತ್ರ ಟೇಬಲ್ ಹತ್ತಿರ ಬಿಡುವುದಿಲ್ಲ. ಒಂದನ್ನು ಮುಟ್ಟಿದಾಗ ಕೇಬಲ್ ತುದಿಯ ಲೋಹದಲ್ಲೇ ಬೆರಳು ಜುಮ್ಮೆಂದಿತ್ತು. ಗೋಡೆಯ ಕರೆಂಟಿಗೂ ನಮ್ಮ ಕೈಗೂ ನಡುವೆ ಇರುವುದು ಚಾರ್ಜರ್ ಒಳಗಿನ ಇನ್ಸುಲೇಷನ್ ಒಂದೇ. ಅಲ್ಲಿ ದುಡ್ಡು ಉಳಿಸಬೇಡಿ.

3.3 ವೋಲ್ಟ್ ಪಿನ್‌ನಿಂದ 300 ಮಿಲಿಆಂಪ್‌ಗಿಂತ ಜಾಸ್ತಿ ಎಳೆಯಬಾರದು. ಸೆನ್ಸರ್‌ಗಳಿಗೆ ಧಾರಾಳ ಆಯಿತು, ಮೋಟರ್‌ಗೆ ಆಗದು. ಬಣ್ಣದ ಎಲ್‌ಇಡಿ ಪಟ್ಟಿಯಲ್ಲಿ ಒಂದೊಂದು ಎಲ್‌ಇಡಿಯೂ ಪೂರ್ತಿ ಬಿಳಿ ಬೆಳಕಿಗೆ ಸುಮಾರು 60 ಮಿಲಿಆಂಪ್ ತಿನ್ನುತ್ತದೆ. 30 ಇದ್ದರೆ 1.8 ಆಂಪ್. ಕಂಪ್ಯೂಟರ್‌ನ ಯುಎಸ್‌ಬಿ 2 ಪೋರ್ಟ್‌ನ ಮಿತಿಯೇ 500 ಮಿಲಿಆಂಪ್. ಪಟ್ಟಿಗೆ ಬೇರೆ 5 ವೋಲ್ಟ್ ಸಪ್ಲೈ ಕೊಡಿ, ಗ್ರೌಂಡ್ ವೈರ್ ಮಾತ್ರ ಎರಡಕ್ಕೂ ಸೇರಿಸಿ.

ಸಣ್ಣ ದೂರುಗಳೂ ಇವೆ. ಪಿನ್‌ಗಳ ಹೆಸರು ಬೋರ್ಡ್‌ನ ಅಡಿಭಾಗದಲ್ಲಿದೆ, ಬ್ರೆಡ್‌ಬೋರ್ಡ್‌ಗೆ ಚುಚ್ಚಿದ ಮೇಲೆ ಕಾಣುವುದೇ ಇಲ್ಲ. 39, 40ರ ಪಕ್ಕ ಕೆಂಪು ಮಾರ್ಕರ್‌ನಿಂದ ಗುರುತು ಹಾಕಿಕೊಳ್ಳಿ. ಸಾಕೆಟ್ ಇನ್ನೂ ಮೈಕ್ರೋ ಯುಎಸ್‌ಬಿ, ಪದೇ ಪದೇ ಕಿತ್ತು ಹಾಕಿದರೆ ಸಡಿಲವಾಗುತ್ತದೆ. ಬೋರ್ಡ್ ನಿಲ್ಲಿಸಲು 37ನೇ ಪಿನ್ನನ್ನು ಸ್ವಿಚ್ ಮೂಲಕ ಗ್ರೌಂಡ್‌ಗೆ ಜೋಡಿಸಿದರೆ 3.3 ವೋಲ್ಟ್ ಸಪ್ಲೈ ಆಫ್ ಆಗುತ್ತದೆ. ಆಗಲೂ 39, 40ರಲ್ಲಿ ಕರೆಂಟ್ ಇದ್ದೇ ಇರುತ್ತದೆ ಅನ್ನುವುದು ನೆನಪಿರಲಿ.

ಪವರ್ ಬ್ಯಾಂಕ್‌ಗೆ ಹಾಕಿ ಸುಮ್ನೆ ಬಿಡೋಣ ಅಂದುಕೊಂಡವರಿಗೆ ಒಂದು ಮಾತು. ಪಿಕೊ ಎಳೆಯುವ ಕರೆಂಟ್ ತುಂಬಾ ಕಡಿಮೆ. ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ಹಲವು ಪವರ್ ಬ್ಯಾಂಕ್‌ಗಳು ತಾವಾಗಿಯೇ ಆಫ್ ಆಗುತ್ತವೆ. ಅಂಥ ಕೆಲಸಕ್ಕೆ ಎಎ ಸೈಜಿನ ಮೂರು ಸೆಲ್, ಒಂದು ಡಯೋಡ್, 39ನೇ ಪಿನ್. ಅಷ್ಟೇ ಸಾಕು.