ಬಹುಮಾನವೋ, ಪ್ರಯೋಗವೋ? ವಿಜ್ಞಾನದಲ್ಲಿ ಮಕ್ಕಳ ಆಸಕ್ತಿ ಉಳಿಸೋಕೆ ಯಾವುದು?

12ರಿಂದ 14 ವರ್ಷ ಅಂದರೆ ಎಷ್ಟೋ ಮಕ್ಕಳಿಗೆ ವಿಜ್ಞಾನ ಬೇಜಾರಾಗಲು ಶುರುವಾಗುವ ವಯಸ್ಸು. ಆಗ ನಮ್ಮ ಮುಂದೆ ಎರಡು ದಾರಿ: ಬಹುಮಾನದ ಆಸೆ ತೋರಿಸೋದು, ಇಲ್ಲವೇ ಕೈಗೆ ಪ್ರಯೋಗ ಕೊಟ್ಟು ಸುಮ್ನೆ ಪಕ್ಕದಲ್ಲಿ ನಿಲ್ಲೋದು.

ಬಹುಮಾನ ಬೇಗ ಕೆಲಸ ಮಾಡುತ್ತದೆ. ಧಾತುಗಳ ಚಿಹ್ನೆಯಂಥ ಬಾಯಿಪಾಠಕ್ಕೆ ಅದು ಸಾಕು. ಆದರೆ 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಜೊತೆಗಾರರು ಪುಟ್ಟ ಮಕ್ಕಳ ಜೊತೆ ಮಾಡಿದ ಅಧ್ಯಯನ ನನ್ನ ತಲೆಯಿಂದ ಹೋಗೋದೇ ಇಲ್ಲ: ಪೆನ್ನುಗಳಲ್ಲಿ ಚಿತ್ರ ಬರೆದರೆ ಬಹುಮಾನ ಅಂತ ಮೊದಲೇ ಮಾತು ಪಡೆದಿದ್ದ ಮಕ್ಕಳು, ಆಮೇಲೆ ಬಿಡುವಿನ ಹೊತ್ತಲ್ಲಿ ಅದೇ ಪೆನ್ನುಗಳನ್ನು ಹಿಡಿದದ್ದು ಕಡಿಮೆ. ಮೊದಲೇ ಹೇಳದೆ ಬಹುಮಾನ ಸಿಕ್ಕ ಮಕ್ಕಳಲ್ಲಿ ಹಾಗಾಗಲಿಲ್ಲ.

ಈಗ ಪ್ರಯೋಗ. ದಾರಕ್ಕೆ ಪುಟ್ಟ ಕಲ್ಲು ಕಟ್ಟಿ ತೂಗಿಬಿಡಿ, ಭಾರ ಜಾಸ್ತಿಯಾದರೆ ವೇಗವೂ ಜಾಸ್ತಿ ಅಂತ ಮಕ್ಕಳು ಊಹಿಸಲಿ. 1 ಮೀಟರ್ ದಾರದಲ್ಲಿ 10 ಸಲ ಹೋಗಿಬರಲು ಸುಮಾರು 20 ಸೆಕೆಂಡು, ಕಲ್ಲು ಬದಲಿಸಿದರೂ ಅಷ್ಟೇ. ದಾರವನ್ನು ಕಾಲು ಮೀಟರಿಗೆ ಇಳಿಸಿದರೆ? 10 ಸೆಕೆಂಡು! ತಪ್ಪು ಎಣಿಸಿದ್ದೀವಿ ಅಂತ ಅವರೇ ಮತ್ತೆ ಎಣಿಸುತ್ತಾರೆ ನೋಡಿ, ಆ ಕ್ಷಣ ಯಾವ ಬಹುಮಾನಕ್ಕೂ ಸಿಗಲ್ಲ.

ಸಮಯ ಜಾಸ್ತಿ ಬೇಕು, ನಿಜ. ಹಂತ ಹಂತವಾಗಿ ನಾವೇ ಎಲ್ಲ ಹೇಳಿಕೊಟ್ಟರೆ ಪ್ರಯೋಗವೂ ನೋಟ್ಸಿನಷ್ಟೇ ಸಪ್ಪೆ. ಪರೀಕ್ಷೆ ಮುಂದಿನ ವಾರವೇ ಇದ್ದರೆ ಬಹುಮಾನ ಇರಲಿ. ವರ್ಷ ಪೂರ್ತಿ ಸಮಯ ಇದ್ದರೆ ನಾನಂತೂ ದಾರ, ಕಲ್ಲನ್ನೇ ಆರಿಸುತ್ತೇನೆ.