ಪೀಣ್ಯದ ಮಷೀನ್ ಶಾಪ್‌ನಲ್ಲಿ ಇಆರ್‌ಪಿನೆಕ್ಸ್ಟ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮದು ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷೀನ್‌ನಲ್ಲಿ ಲೋಹದ ಟರ್ನಿಂಗ್, ಮಿಲ್ಲಿಂಗ್ ಮಾಡುವ ಸಣ್ಣ ಶಾಪ್. ಆರ್ಡರ್, ಸ್ಟಾಕ್, ಉತ್ಪಾದನೆ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್ ಇಆರ್‌ಪಿನೆಕ್ಸ್ಟ್ ಹಾಕಿಸಿ ಕೆಲವು ವರ್ಷಗಳಾದವು. ಅಕ್ಕಪಕ್ಕದ ಶೆಡ್‌ನವರು "ಹಾಕಿಸೋಣ್ವಾ, ಬೇಡ್ವಾ" ಅಂತ ಕೇಳುತ್ತಲೇ ಇರುತ್ತಾರೆ.

ಮೊದಲು ಖರ್ಚಿನ ಮಾತು. ಇದು ಮುಂಬೈನ ಫ್ರಾಪೆ ಕಂಪನಿಯ ಓಪನ್ ಸೋರ್ಸ್ ಸಾಫ್ಟ್‌ವೇರ್. ತಲೆಗಿಷ್ಟು ಅಂತ ಲೈಸೆನ್ಸ್ ಫೀಸ್ ಇಲ್ಲ. ದುಡ್ಡು ಹೋಗುವುದು ಸರ್ವರ್‌ಗೆ ಮತ್ತು ಸೆಟಪ್ ಮಾಡಿಕೊಡುವವರಿಗೆ. ಹಾಗಾಗಿ ಆಫೀಸಿನವರಿಗಷ್ಟೇ ಅಲ್ಲ, ಮಷೀನ್ ಮುಂದೆ ನಿಲ್ಲುವ ಪ್ರತಿ ಆಪರೇಟರ್‌ಗೂ ಲಾಗಿನ್ ಕೊಟ್ಟಿದ್ದೇವೆ.

ನಮಗೆ ನಿಜವಾಗಿ ದುಡ್ಡು ಉಳಿಸಿಕೊಟ್ಟಿದ್ದು ಜಾಬ್ ಕಾರ್ಡ್, ಅಂದರೆ ಪ್ರತಿ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನುವ ದಾಖಲೆ. ಕೆಲಸ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಆಪರೇಟರ್ ಟ್ಯಾಬ್ಲೆಟ್‌ನಲ್ಲಿ ಬಟನ್ ಒತ್ತುತ್ತಾನೆ, ಅಷ್ಟೇ. ನಮ್ಮಲ್ಲಿ ಇಎನ್8 ಅನ್ನುವ ಉಕ್ಕಿನ ಶಾಫ್ಟ್ ಒಂದು ಮೇಲಿಂದ ಮೇಲೆ ಬರುತ್ತದೆ. ಸೈಕಲ್ ಟೈಮ್ (ಒಂದು ಪೀಸಿಗೆ ಮಷೀನ್ ಓಡುವ ಹೊತ್ತು) 6 ನಿಮಿಷ, ಅದು ಎಲ್ಲರ ಬಾಯಲ್ಲೂ ಇತ್ತು. ಆದರೆ ಪೀಸ್ ಹಿಡಿಯುವ ಜಾ ಬದಲಿಸಿ, ಟೂಲ್‌ನ ಅಳತೆ ಹೊಂದಿಸುವ ಆಫ್‌ಸೆಟ್ ಕೊಟ್ಟು, ಮೊದಲ ಪೀಸ್ ಕ್ಯೂಸಿಯಲ್ಲಿ (ಗುಣಮಟ್ಟ ತಪಾಸಣೆಯಲ್ಲಿ) ಪಾಸ್ ಆಗುವಷ್ಟರಲ್ಲಿ 45 ನಿಮಿಷ ಹೋಗುತ್ತದೆ. 500 ಪೀಸ್ ಇದ್ದರೆ ಅದು ಲೆಕ್ಕಕ್ಕೇ ಇಲ್ಲ. 20 ಪೀಸ್ ಇದ್ದರೆ ಪೀಸಿಗೆ ಎರಡು ಕಾಲು ನಿಮಿಷ ಜಾಸ್ತಿ! ಈಗ ಸಣ್ಣ ಲಾಟ್‌ಗೆ ಸೆಟ್ಟಿಂಗ್ ಚಾರ್ಜ್ ಬೇರೆ ಹಾಕುತ್ತೇವೆ. ಗಿರಾಕಿ ಚೌಕಾಸಿಗೆ ಕೂತರೆ ಎಲ್ಲಿವರೆಗೆ ಇಳಿಯಬಹುದು, ಎಲ್ಲಿ ಕೈಮುಗಿಯಬೇಕು ಅಂತ ಗೊತ್ತಿರುತ್ತದೆ.

ನಮ್ಮ ಹತ್ತಿರ ಇರುವ ಮಷೀನನ್ನೇ ಪಕ್ಕದವರೂ ಕೊಳ್ಳಬಹುದು. ಈ ಸಾಫ್ಟ್‌ವೇರನ್ನಂತೂ ಯಾರು ಬೇಕಾದರೂ ಹಾಕಿಸಬಹುದು. ಆದರೆ ನಮ್ಮ ಹುಡುಗರು ಇಷ್ಟು ವರ್ಷ ತುಂಬಿಸಿದ ಜಾಬ್ ಕಾರ್ಡ್‌ಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಅಲ್ವಾ? ಪೈಪೋಟಿಯಲ್ಲಿ ನಮ್ಮ ಬಲ ಅದೇ.

ಉಕ್ಕು ಕರಗಿಸಿದ ಪ್ರತಿ ಸಲಕ್ಕೂ ಕೊಡುವ ಹೀಟ್ ನಂಬರನ್ನು ಸಾಫ್ಟ್‌ವೇರ್‌ನಲ್ಲಿ ಬ್ಯಾಚ್ ನಂಬರ್ ಆಗಿ ಹಾಕುತ್ತೇವೆ. ಗಿರಾಕಿ ಒಂದು ಪೀಸ್‌ನಲ್ಲಿ ಕ್ರ್ಯಾಕ್ ಇದೆ ಅಂದರೆ ಆ ರಾಡ್ ಯಾವ ಸಪ್ಲೈಯರ್‌ದು, ಅದರ ಟೆಸ್ಟ್ ಸರ್ಟಿಫಿಕೇಟ್ ಎಲ್ಲಿದೆ, ಅದೇ ಹೀಟ್‌ನ ಪೀಸ್ ಇನ್ನೂ ಯಾರಿಗೆ ಹೋಗಿದೆ, ಎಲ್ಲ ಕೂತಲ್ಲೇ ಸಿಗುತ್ತದೆ. ಪ್ಲೇಟಿಂಗ್‌ಗೆ (ಲೋಹದ ಲೇಪನಕ್ಕೆ) ಹೊರಗೆ ಹೋದ ಮಾಲಿನ ಚಲನ್ ಬಾಕಿಯೂ ಅಷ್ಟೇ. ಹೀಗೆ ಜಾಬ್ ವರ್ಕ್‌ಗೆ, ಅಂದರೆ ಬೇರೆಯವರಿಂದ ಕೆಲಸ ಮಾಡಿಸಲು ಕಳಿಸಿದ ಕಚ್ಚಾ ಮಾಲು 1 ವರ್ಷದೊಳಗೆ ವಾಪಸ್ ಬರಬೇಕು ಅನ್ನುತ್ತದೆ ಜಿಎಸ್‌ಟಿ ಕಾನೂನು. ಹಾಗಾಗಿ ಈ ಲೆಕ್ಕ ತಪ್ಪುವ ಹಾಗಿಲ್ಲ.

ತೊಂದರೆ ಆಗಿದ್ದು ಸೆಟಪ್‌ನಲ್ಲಿ. ಮೊದಲು ಬಂದ ಕನ್ಸಲ್ಟೆಂಟ್‌ಗೆ ಮಷೀನ್ ಶಾಪ್ ಅಂದರೆ ಏನೆಂದೇ ತಿಳಿದಿರಲಿಲ್ಲ. ಯಾವುದೋ ಟ್ರೇಡಿಂಗ್ ಅಂಗಡಿಯ ಸೆಟಪ್ ತಂದು ಕೂರಿಸಿ ಹೋದರು. ಆಪರೇಷನ್‌ಗಳ ಪಟ್ಟಿಯೂ ಇಲ್ಲ, ಮಷೀನ್ ಅವರ್ ರೇಟೂ (ಮಷೀನಿಗೆ ಗಂಟೆಗಿಷ್ಟು ಅನ್ನುವ ದರ) ಇಲ್ಲ. ಬೇರೆಯವರಿಂದ ಮತ್ತೆ ಮಾಡಿಸಬೇಕಾಯಿತು. ಎಣ್ಣೆ ಕೈಯಲ್ಲಿ ಹತ್ತು ಕಾಲಂ ತುಂಬಲು ಯಾರಿಗೂ ಆಗುವುದಿಲ್ಲ. ಬೇಡದ್ದನ್ನೆಲ್ಲ ಮರೆಮಾಡಿಸಿದ ಮೇಲೆಯೇ ಆಪರೇಟರ್‌ಗಳು ಒಗ್ಗಿಕೊಂಡರು. ಈ ಬದಲಾವಣೆಯನ್ನು ಸೂಚಿಸಿದ್ದು ನಮ್ಮ ಸೂಪರ್‌ವೈಸರ್.

ಬರೀ ಬಿಲ್ಲಿಂಗ್, ಜಿಎಸ್‌ಟಿ ರಿಟರ್ನ್ ಸಾಕು ಅನ್ನುವವರಿಗೆ ಟ್ಯಾಲಿಯೇ ಸಾಕು, ಸುಮ್ನೆ ಇದಕ್ಕೆ ಕೈಹಾಕಬೇಡಿ. ಪಾರ್ಟ್‌ವಾರು ನಿಜವಾದ ಖರ್ಚು ತಿಳಿಯಬೇಕು ಅನ್ನುವವರು ಖಂಡಿತ ಹಾಕಿಸಿ. ಕನ್ಸಲ್ಟೆಂಟ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಅವರನ್ನು ಒಂದು ಇಡೀ ಶಿಫ್ಟ್ ನಿಮ್ಮ ಶಾಪ್‌ನಲ್ಲಿ ನಿಲ್ಲಿಸಿಕೊಳ್ಳಿ. ಒಲ್ಲೆ ಅಂದರೆ ಬೇರೆಯವರನ್ನು ನೋಡಿ.