ಟೋಸ್ಕಾದಿಂದ ಹಾಟ್‌ಗೆ: ಟೂಲ್‌ಗೂ ಕೊಟ್ಟೆ, ಕೈಯಲ್ಲೂ ಬರೆದೆ

ಮೊದಲೇ ಹೇಳಿಬಿಡುತ್ತೇನೆ. ಟೋಸ್ಕಾ ಅನ್ನುವ ಭಾಷೆಯಲ್ಲಿ ಬರೆದ ಟೆಂಪ್ಲೇಟನ್ನು ಹಾಟ್ ಅನ್ನುವ ಭಾಷೆಗೆ ಬದಲಿಸಿಕೊಡುವ ಹೀಟ್-ಟ್ರಾನ್ಸ್‌ಲೇಟರ್ ಒಳ್ಳೆಯ ಟೂಲ್. ಆದರೆ ಅದು ಬರೆದುಕೊಟ್ಟ ಫೈಲನ್ನು ಒಂದು ಸಲ ಕೂತು ಓದದೆ ಓಡಿಸಬೇಡಿ. ಯಾಕೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನನ್ನ ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ. ಅಲ್ಲಿ ಮಕ್ಕಳಿಗೆ ಓಪನ್‌ಸ್ಟ್ಯಾಕ್, ಅಂದರೆ ಸ್ವಂತ ಕ್ಲೌಡ್ ಕಟ್ಟುವ ಸಾಫ್ಟ್‌ವೇರ್, ಹೇಳಿಕೊಡುತ್ತೇವೆ. ಅದಕ್ಕೆ ಒಂದು ಹಳೇ ಸರ್ವರ್ ಮೇಲೆ ಡೆವ್‌ಸ್ಟ್ಯಾಕ್, ಅಂದರೆ ಅದರ ಕಲಿಕೆಗೆ ಆಗುವಂಥ ಪುಟ್ಟ ರೂಪ, ಹಾಕಿಟ್ಟುಕೊಂಡಿದ್ದೇವೆ. ಈ ಸಲ ಫೈನಲ್ ಇಯರ್‌ನ ಒಂದು ತಂಡ ಪ್ರಾಜೆಕ್ಟಿಗೆ ಅಂತ ಟೋಸ್ಕಾ ಟೆಂಪ್ಲೇಟುಗಳ ಒಂದು ಕಟ್ಟನ್ನೇ ತಂದಿತು. ಟೋಸ್ಕಾ ಅನ್ನುವುದು ಓಯಾಸಿಸ್ ಸಂಸ್ಥೆಯ ಸ್ಟ್ಯಾಂಡರ್ಡ್. ಇಂಥದ್ದೇ ಕ್ಲೌಡ್ ಅಂತ ಹೇಳದೆ, ನನಗೆ ಇಷ್ಟು ಮೆಮೊರಿಯ ಒಂದು ಮೆಷಿನ್ ಬೇಕು, ಅದರ ಮೇಲೆ ಈ ಸಾಫ್ಟ್‌ವೇರ್ ಕೂರಬೇಕು ಅಂತ ಯಾಮಲ್ ಅನ್ನುವ ಸರಳ ಪಠ್ಯ ರೂಪದಲ್ಲಿ ಬರೆಯುವುದು. ಓಪನ್‌ಸ್ಟ್ಯಾಕ್‌ನಲ್ಲಿ ಟೆಂಪ್ಲೇಟ್ ಓದಿ ಸರ್ವರ್, ಡಿಸ್ಕ್ ಎಲ್ಲ ಎಬ್ಬಿಸುವ ಭಾಗ ಹೀಟ್. ಅದಕ್ಕೆ ಟೋಸ್ಕಾ ಅರ್ಥವಾಗುವುದಿಲ್ಲ. ಅದಕ್ಕೆ ಬೇಕಾದದ್ದು ಹಾಟ್, ಅಂದರೆ ಹೀಟ್‌ನದ್ದೇ ಟೆಂಪ್ಲೇಟ್ ಭಾಷೆ.

ದಾರಿ ಮೂರು ಇದ್ದವು. ಹೀಟ್-ಟ್ರಾನ್ಸ್‌ಲೇಟರ್ ಅನ್ನೋ ಕಮಾಂಡ್ ಅನ್ನು ನೇರವಾಗಿ ಓಡಿಸುವುದು. ಓಪನ್‌ಸ್ಟ್ಯಾಕ್‌ಗೆ ಆಜ್ಞೆ ಕೊಡುವ ಪ್ರೋಗ್ರಾಮ್ ಆದ ಓಪನ್‌ಸ್ಟ್ಯಾಕ್ ಕ್ಲೈಂಟ್ ಒಳಗಿಂದಲೇ 'ಟ್ರಾನ್ಸ್‌ಲೇಟ್ ಟೆಂಪ್ಲೇಟ್' ಅಂತ ಅದನ್ನು ಕರೆಯುವುದು. ಇಲ್ಲವೇ ಸುಮ್ನೆ ಎಡಿಟರ್ ತೆಗೆದು ಕೈಯಲ್ಲೇ ಬರೆಯುವುದು. ಮೂರು ಫೈಲ್ ಆರಿಸಿಕೊಂಡು ಮೂರೂ ದಾರಿಯಲ್ಲಿ ಮಾಡಿ ನೋಡಿದೆ: ಒಂದೇ ಸರ್ವರ್ ಇರುವುದು, ಸರ್ವರ್ ಜೊತೆ ಡಿಸ್ಕ್ ಇರುವುದು, ವೆಬ್ ಆ್ಯಪ್‌ಗೆ ಒಂದು ಸರ್ವರ್ ಮತ್ತು ಮೊಂಗೊಡಿಬಿ ಡೇಟಾಬೇಸ್‌ಗೆ ಇನ್ನೊಂದು ಇರುವುದು.

ಮೊದಲ ಎರಡು ದಾರಿಗಳ ನಡುವೆ ಜಾಸ್ತಿ ವ್ಯತ್ಯಾಸ ಇಲ್ಲ. ಒಳಗೆ ಕೆಲಸ ಮಾಡುವುದು ಅದೇ ಕೋಡ್. ಫೈಲ್ ಎಲ್ಲಿದೆ ಅಂತ ಹೇಳಬೇಕು, ಟೈಪ್ ಟೋಸ್ಕಾ ಅಂತ ಹೇಳಬೇಕು, ಅಷ್ಟೆ. ಪ್ಯಾರಾಮೀಟರ್, ಅಂದರೆ ಓಡಿಸುವಾಗ ಹೊರಗಿಂದ ಕೊಡುವ ಮಾಹಿತಿ, ಅದನ್ನು ಕೊಡುವ ರೀತಿ ಮಾತ್ರ ಬೇರೆ. ನೇರ ಕಮಾಂಡಿನಲ್ಲಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ಸೆಮಿಕೋಲನ್ ಹಾಕಿ ಜೋಡಿಸಬೇಕು. ಕ್ಲೈಂಟಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಆಪ್ಷನ್ ಬರೆಯಬೇಕು. ಕ್ಲೈಂಟಿನದ್ದು ಓದುವುದಕ್ಕೆ ಸುಲಭ, ಮಕ್ಕಳು ತಪ್ಪು ಮಾಡುವುದೂ ಕಡಿಮೆ. ನಾನು ಮಾತ್ರ ನೇರ ಕಮಾಂಡನ್ನೇ ಹಿಡಿದುಕೊಂಡೆ. 'ವ್ಯಾಲಿಡೇಟ್ ಓನ್ಲಿ' ಅಂತ ಕೊಟ್ಟರೆ ಏನನ್ನೂ ಅನುವಾದ ಮಾಡದೆ, ಟೋಸ್ಕಾ ಫೈಲ್ ಸರಿ ಇದೆಯಾ ಅಂತಷ್ಟೇ ನೋಡಿ ಹೇಳುತ್ತದೆ. ಅದನ್ನು ರೈಲಿನಲ್ಲಿ ಕೂತು, ನೆಟ್ ಇಲ್ಲದೆಯೂ ಮಾಡಬಹುದು. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಅಷ್ಟೂ ಫೈಲುಗಳ ಸ್ಪೆಲಿಂಗ್ ತಪ್ಪುಗಳು ಸಿಕ್ಕಿದ್ದವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊದಲ ಫೈಲ್ ಕೇಳಿದ್ದು ಇಷ್ಟೇ: ಒಂದು ಸಿಪಿಯು, 512 ಎಂಬಿ ಮೆಮೊರಿ, 10 ಜಿಬಿ ಡಿಸ್ಕ್. ರೈಲಿನಲ್ಲಿ ಅನುವಾದ ಮಾಡಿದಾಗ ಫ್ಲೇವರ್ (ಮೆಷಿನ್‌ನ ಸಿದ್ಧ ಅಳತೆ) ಜಾಗದಲ್ಲಿ 'ಎಂ1.ಸ್ಮಾಲ್' ಅಂತ ಬಂತು. ಲ್ಯಾಬಿಗೆ ಹೋಗಿ, ಓಪನ್‌ಸ್ಟ್ಯಾಕ್‌ಗೆ ಲಾಗಿನ್ ಆಗಿ ಅದೇ ಫೈಲ್ ಕೊಟ್ಟರೆ 'ಡಿಎಸ್1ಜಿ' ಅಂತ ಬಂತು. ಫೈಲ್ ಒಂದೇ, ಕಮಾಂಡ್ ಒಂದೇ, ಉತ್ತರ ಎರಡು.

ಗಾಬರಿಯಾಗಿ ಹುಡುಕಿದೆ. ಟೂಲ್ ಮೊದಲು ನಿಮ್ಮ ಕ್ಲೌಡಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಭಾಗವಾದ ನೋವಾವನ್ನು ಕೇಳಿ ಯಾವ ಫ್ಲೇವರುಗಳಿವೆ ಅಂತ ನೋಡುತ್ತದೆ. ಕೇಳಲು ಆಗದಿದ್ದರೆ ತನ್ನೊಳಗೇ ಬರೆದಿಟ್ಟುಕೊಂಡ ಒಂದು ಪಟ್ಟಿಯಿಂದ ಆರಿಸುತ್ತದೆ. ಆ ಪಟ್ಟಿಯ 'ಎಂ1.ಟೈನಿ'ಯಲ್ಲಿ 512 ಎಂಬಿ ಮೆಮೊರಿ ಇದೆ, ಆದರೆ ಡಿಸ್ಕ್ 1 ಜಿಬಿ ಮಾತ್ರ. ನಾವು ಕೇಳಿದ್ದು 10. ಹಾಗಾಗಿ ಅದು ಮೇಲಿನದ್ದಕ್ಕೆ ಹೋಯಿತು: 2048 ಎಂಬಿ ಮೆಮೊರಿ, 20 ಜಿಬಿ ಡಿಸ್ಕ್. ಅಂಗಡಿಯಲ್ಲಿ ಅಕ್ಕಿ ಬರೀ 5, 10, 25 ಕೆಜಿ ಚೀಲದಲ್ಲೇ ಇದ್ದರೆ, ಏಳು ಕೆಜಿ ಬೇಕಾದವರು ಹತ್ತರ ಚೀಲ ಹೊತ್ತುಕೊಂಡು ಬರಬೇಕು ಅಲ್ವಾ, ಹಾಗೆ. ಲಾಗಿನ್ ಆಗಿದ್ದಾಗ ನಮ್ಮ ಡೆವ್‌ಸ್ಟ್ಯಾಕ್‌ನಲ್ಲಿ 1 ಜಿಬಿ ಮೆಮೊರಿ, 10 ಜಿಬಿ ಡಿಸ್ಕ್ ಇರುವ ಚೀಲ ಸಿಕ್ಕಿತು. ಕೇಳಿದ್ದರ ನಾಲ್ಕು ಪಟ್ಟು ಮೆಮೊರಿ ಹೋಗುವುದು ಎಲ್ಲಿ, ಎರಡು ಪಟ್ಟು ಎಲ್ಲಿ! ನಮ್ಮಂಥ ಹಳೇ ಸರ್ವರ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ.

ಇಮೇಜ್, ಅಂದರೆ ಸರ್ವರ್ ಎಬ್ಬಿಸಲು ಬೇಕಾದ ಆಪರೇಟಿಂಗ್ ಸಿಸ್ಟಮ್‌ನ ಸಿದ್ಧ ಪ್ರತಿ, ಅದರ ಕಥೆಯೂ ಇದೇ. ಒಳಗಿನ ಪಟ್ಟಿಯಲ್ಲಿ ಫೆಡೋರಾ 20 ಇದೆ, ರೆಡ್‌ಹ್ಯಾಟ್ 6.5 ಇದೆ. ಎರಡೂ ತೀರಾ ಹಳೇ ಆವೃತ್ತಿಗಳು. ಆ ಹೆಸರುಗಳು ನಮ್ಮ ಕ್ಲೌಡಿನಲ್ಲಿ ಇರುವ ಮಾತೇ ಇಲ್ಲ. ಟೂಲ್ ಎರರ್ ಕೊಡುವುದಿಲ್ಲ, ಫೈಲ್ ಬರೆದುಕೊಡುತ್ತದೆ. ಡಿಪ್ಲಾಯ್ ಮಾಡುವಾಗಲೇ ಗೊತ್ತಾಗುವುದು. ಎಸ್‌ಎಸ್‌ಎಚ್ ಕೀ ಹೆಸರನ್ನೂ ಟೋಸ್ಕಾದಲ್ಲಿ ಬರೆಯಲು ಬರುವುದಿಲ್ಲ, ಪ್ಯಾರಾಮೀಟರ್ ಆಗಿಯೇ ಕೊಡಬೇಕು. ಮರೆತರೆ ಸರ್ವರ್ ಏಳುತ್ತದೆ, ಒಳಗೆ ಹೋಗಲು ಬಾಗಿಲಿಲ್ಲ.

ಡಿಸ್ಕ್ ಇರುವ ಫೈಲನ್ನು ಟೂಲ್ ಚೆನ್ನಾಗಿಯೇ ಮಾಡಿತು. ಸಿಂಡರ್ ವಾಲ್ಯೂಮ್ (ಓಪನ್‌ಸ್ಟ್ಯಾಕ್ ಕೊಡುವ ಡಿಸ್ಕ್), ಅದನ್ನು ಸರ್ವರ್‌ಗೆ ಅಂಟಿಸುವ ಭಾಗ, ಎರಡೂ ಸರಿಯಾಗಿ ಬಂದವು. ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡುವುದು ನಿಮ್ಮ ಸ್ಕ್ರಿಪ್ಟಿನ ಕೆಲಸ, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಮೂರನೆಯದರಲ್ಲಿ ನಾನು ಒಂದು ಇಡೀ ಗಂಟೆ ಕಳೆದುಕೊಂಡೆ. ಟೋಸ್ಕಾದಲ್ಲಿ ಕ್ರಿಯೇಟ್, ಕಾನ್ಫಿಗರ್, ಸ್ಟಾರ್ಟ್ ಅಂತ ಇರುವ ಸ್ಕ್ರಿಪ್ಟುಗಳನ್ನು ಟೂಲ್ ಒಂದೊಂದಾಗಿ ಹಾಟ್‌ನ ಸಾಫ್ಟ್‌ವೇರ್ ಕಾನ್ಫಿಗ್ (ಸ್ಕ್ರಿಪ್ಟ್) ಮತ್ತು ಸಾಫ್ಟ್‌ವೇರ್ ಡಿಪ್ಲಾಯ್‌ಮೆಂಟ್ (ಅದನ್ನು ಸರ್ವರ್‌ನಲ್ಲಿ ಓಡಿಸುವುದು) ಆಗಿ ಬದಲಿಸಿತು. ಯಾವುದರ ನಂತರ ಯಾವುದು ಅನ್ನುವ ಕ್ರಮವನ್ನೂ ತಾನೇ ಹಾಕಿತು. ಫೈಲ್ ನೋಡಿ ನನಗೆ ಖುಷಿಯಾಯಿತು, ಕೈಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಬರೆಯಲು ನನಗೆ ಎರಡು ಸಂಜೆ ಬೇಕಾಗಿತ್ತು. ಸ್ಟ್ಯಾಕ್, ಅಂದರೆ ಆ ಫೈಲಿನಲ್ಲಿ ಬರೆದ ಎಲ್ಲದರ ಗುಂಪು, ಅದನ್ನು ಶುರು ಮಾಡಿದೆ. ಎರಡೂ ಸರ್ವರ್ ಎದ್ದವು. ಮೊಂಗೊ ಸ್ಕ್ರಿಪ್ಟ್ ಮುಂದೆ 'ಕ್ರಿಯೇಟ್ ಇನ್ ಪ್ರೋಗ್ರೆಸ್' ಅಂತ ನಿಂತದ್ದು ನಿಂತೇ ಇತ್ತು. ಕಾಫಿ ಕುಡಿದು ಬಂದೆ, ಹಾಗೇ ಇತ್ತು. 60 ನಿಮಿಷಕ್ಕೆ ಸರಿಯಾಗಿ ಫೇಲ್ ಆಯಿತು. ಹೀಟ್ ಒಂದು ಸ್ಟ್ಯಾಕ್‌ಗೆ ಡೀಫಾಲ್ಟ್ ಆಗಿ ಕಾಯುವುದೇ ಅಷ್ಟು ಹೊತ್ತು.

ಕಾರಣ ಇಮೇಜಿನಲ್ಲಿತ್ತು. ಈ ರೀತಿಯ ಡಿಪ್ಲಾಯ್‌ಮೆಂಟ್ ನಡೆಯಬೇಕಾದರೆ ಸರ್ವರ್ ಒಳಗೆ ಹೀಟ್‌ನ ಏಜೆಂಟ್ ಇರಬೇಕು. ಅದು ಹೀಟನ್ನು ಕೇಳಿ ಸ್ಕ್ರಿಪ್ಟ್ ತೆಗೆದುಕೊಂಡು, ಓಡಿಸಿ, ಆಯಿತು ಅಂತ ವಾಪಸ್ ಹೇಳಬೇಕು. ಸುಮ್ನೆ ಡೌನ್‌ಲೋಡ್ ಮಾಡಿದ ಉಬುಂಟು ಕ್ಲೌಡ್ ಇಮೇಜಿನಲ್ಲಿ ಆ ಏಜೆಂಟ್ ಇರುವುದಿಲ್ಲ. ಸ್ಕ್ರಿಪ್ಟ್ ಅಲ್ಲೇ ಕಾದು ಕೂತಿತ್ತು, ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

ಕೈಯಲ್ಲಿ ಬರೆದಾಗ ಈ ತೊಂದರೆ ಬರಲಿಲ್ಲ, ಯಾಕೆಂದರೆ ನಾನು ಸ್ಕ್ರಿಪ್ಟನ್ನು ಯೂಸರ್ ಡೇಟಾದಲ್ಲಿ, ಅಂದರೆ ಸರ್ವರ್ ಎಬ್ಬಿಸುವಾಗಲೇ ಅದರ ಕೈಗೆ ಕೊಡುವ ಜಾಗದಲ್ಲಿ, ಹಾಕಿದ್ದೆ. ಇಮೇಜಿನೊಳಗೇ ಇರುವ ಕ್ಲೌಡ್-ಇನಿಟ್ ಅನ್ನುವ ಪ್ರೋಗ್ರಾಮ್ ಅದನ್ನು ಯಾವ ಕ್ಲೌಡ್ ಇಮೇಜಿನಲ್ಲಾದರೂ ಓಡಿಸುತ್ತದೆ. ಆದರೆ ಬೇರೆ ತೊಂದರೆ ಬಂತು. ಸರ್ವರ್ ಆಕ್ಟಿವ್ ಆದ ತಕ್ಷಣ ಹೀಟ್ ಲೆಕ್ಕದಲ್ಲಿ ಆ ಕೆಲಸ ಮುಗಿಯಿತು, ಒಳಗೆ ಮೊಂಗೊ ಇನ್ನೂ ಇನ್‌ಸ್ಟಾಲ್ ಆಗುತ್ತಲೇ ಇರುತ್ತದೆ. ವೆಬ್ ಆ್ಯಪ್ ಆಗಲೇ ಎದ್ದು, ಡೇಟಾಬೇಸ್ ಸಿಗದೆ ಸತ್ತಿತು. ವೇಟ್ ಕಂಡೀಷನ್, ಅಂದರೆ ಒಳಗಿಂದ 'ಆಯಿತು' ಅನ್ನುವ ಸೂಚನೆ ಬರುವವರೆಗೆ ಹೀಟ್ ಕಾಯುವ ಹಾಗೆ ಮಾಡುವುದು, ಸೇರಿಸಿದ ಮೇಲೆ ಸರಿಹೋಯಿತು. ಟೂಲ್ ಕೊಟ್ಟ ಕ್ರಮದ ಬೆಲೆ ನನಗೆ ಗೊತ್ತಾದದ್ದು ಆವಾಗ.

ಇನ್ನೊಂದು ಕಡೆ ಕಣ್ಣಿಡಿ. ಟೋಸ್ಕಾದಲ್ಲಿ ಸರ್ವರ್‌ನ ಐಪಿ ವಿಳಾಸ ಕೇಳಿದ್ದರೆ, ಪ್ರೈವೇಟ್ ಆಗಲಿ ಪಬ್ಲಿಕ್ ಆಗಲಿ, ಟೂಲ್ ಅದನ್ನು 'ಪ್ರೈವೇಟ್' ಅನ್ನುವ ಹೆಸರಿನ ನೆಟ್‌ವರ್ಕಿನ ಮೊದಲ ವಿಳಾಸ ಅಂತ ಬರೆಯುತ್ತದೆ. ಡೆವ್‌ಸ್ಟ್ಯಾಕ್‌ನಲ್ಲಿ ಆ ಹೆಸರಿನ ನೆಟ್‌ವರ್ಕ್ ಇರುತ್ತದೆ, ನಡೆಯುತ್ತದೆ. ನಿಮ್ಮಲ್ಲಿ ಬೇರೆ ಹೆಸರಿದ್ದರೆ ಕೈಯಲ್ಲಿ ತಿದ್ದಬೇಕು.

ಕಲಿಯುವವರಿಗೆ ನಾನು ಮೊದಲ ಫೈಲನ್ನು ಕೈಯಲ್ಲೇ ಬರೆಸುತ್ತೇನೆ. ಹಾಟ್‌ನ ಮೊದಲ ಸಾಲಿನಲ್ಲಿ ಬರುವ 2013-05-23 ಅನ್ನುವುದು ಫೈಲ್ ಬರೆದ ದಿನ ಅಲ್ಲ, ಅದು ಟೆಂಪ್ಲೇಟ್ ಆವೃತ್ತಿಯ ಹೆಸರು. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಅಲ್ಲಿ ಅವತ್ತಿನ ತಾರೀಖು ಹಾಕುತ್ತಾರೆ, ಎರರ್ ನೋಡುತ್ತಾರೆ, ಆಮೇಲೆ ಮರೆಯುವುದಿಲ್ಲ. ಟೂಲ್ ಆ ಸಾಲನ್ನು ತಾನೇ ಹಾಕಿಕೊಟ್ಟರೆ ಇದನ್ನು ಕಲಿಯುವುದು ಯಾವಾಗ?

ಒಂದು ಸರ್ವರ್‌ನ ಫೈಲುಗಳು, ಡಿಸ್ಕ್ ಇರುವ ಫೈಲುಗಳು ಈಗ ಟೂಲ್‌ನಿಂದಲೇ ಆಗುತ್ತಿವೆ. ಲಾಗಿನ್ ಆದ ಮೇಲೆಯೇ ಓಡಿಸುತ್ತೇವೆ, ಫ್ಲೇವರ್ ಮತ್ತು ಇಮೇಜ್ ಸಾಲುಗಳನ್ನು ಇಬ್ಬರು ಕೂತು ಓದುತ್ತೇವೆ. ಎರಡು ಸರ್ವರ್‌ನದ್ದು ಮಾತ್ರ ಸದ್ಯ ನನ್ನ ಕೈಬರಹದ ಫೈಲಿನಲ್ಲಿ ನಡೆಯುತ್ತಿದೆ. ಏಜೆಂಟ್ ಇರುವ ಉಬುಂಟು ಇಮೇಜ್ ಒಂದನ್ನು ಇಮೇಜ್ ಕಟ್ಟುವ ಟೂಲ್ ಆದ ಡಿಸ್ಕ್‌ಇಮೇಜ್-ಬಿಲ್ಡರ್‌ನಲ್ಲಿ ಕಟ್ಟಲು ಮದ್ದೂರಿನ ಒಬ್ಬ ಹುಡುಗಿ ಶುರು ಮಾಡಿದ್ದಾಳೆ. ಅದು ಸಿದ್ಧವಾದ ದಿನ ಹೀಟ್-ಟ್ರಾನ್ಸ್‌ಲೇಟರ್ ಕೊಟ್ಟ ಫೈಲನ್ನೇ ಮತ್ತೆ ಹಾಕುತ್ತೇನೆ.